ಸಲ್ಫೈಡ್ ಅದಿರಿನಲ್ಲಿ ಅಡಗಿದ ಚಿನ್ನ, ಬೆಳ್ಳಿ, ಪ್ಲಾಟಿನಂ: ಪತ್ತೆಹಚ್ಚುವುದು ಹೇಗೆ?

ಒಂದು ಟನ್ ಅದಿರಿನಲ್ಲಿ ಎರಡು ಗ್ರಾಂ ಚಿನ್ನವಿದೆ ಎಂದು ಪ್ರಯೋಗಾಲಯದಿಂದ ವರದಿ ಬಂದಿದೆ ಎಂದುಕೊಳ್ಳಿ. ಕಲ್ಲನ್ನು ಭೂತಗನ್ನಡಿಯಡಿ ಎಷ್ಟು ತಿರುಗಿಸಿ ನೋಡಿದರೂ ಚಿನ್ನದ ಕಣ ಒಂದೂ ಕಾಣುವುದಿಲ್ಲ. ಕಾಣುವುದೆಲ್ಲ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್, ಅಲ್ಲಲ್ಲಿ ಒಂದಿಷ್ಟು ಆರ್ಸೆನಿಕ್ ಕೂಡ ಸೇರಿದ ಆರ್ಸೆನೋಪೈರೈಟ್. ಹಾಗೆಂದು ವರದಿ ಸುಳ್ಳೆನ್ನಬೇಕಾಗಿಲ್ಲ. ಅದು ‘ಎಷ್ಟು’ ಎಂಬುದನ್ನು ಹೇಳಿದೆ, ‘ಎಲ್ಲಿ’ ಎಂಬುದನ್ನು ಹೇಳಿಲ್ಲ, ಅಷ್ಟೇ. ಚಿನ್ನವನ್ನು ಹೊರತೆಗೆಯಲು ಸಾಧ್ಯವೇ, ಯಾವ ದಾರಿಯಲ್ಲಿ ಎಂಬುದೆಲ್ಲ ನಿಂತಿರುವುದು ಆ ‘ಎಲ್ಲಿ’ಯ ಮೇಲೆ. ಆದ್ದರಿಂದ ಇದೇ ಎರಡು ಗ್ರಾಂನ ಕಲ್ಲನ್ನು ಕೈಯಲ್ಲಿ ಹಿಡಿದು ಕೊನೆಯವರೆಗೂ ಹೋಗೋಣ.

ಎರಡು ಗ್ರಾಂ ಎಂದರೆ ಕಡಿಮೆಯೇನಲ್ಲ. ಭೂಮಿಯ ಮೇಲ್ಪದರದ ಸಾಧಾರಣ ಶಿಲೆಯಲ್ಲಿ ಟನ್ನಿಗೆ ಒಂದೂವರೆ ಮಿಲಿಗ್ರಾಂನಷ್ಟು ಚಿನ್ನವಿರುತ್ತದೆ. ನಮ್ಮ ಕಲ್ಲಿನಲ್ಲಿರುವುದು ಅದರ ಸಾವಿರ ಪಟ್ಟಿಗೂ ಹೆಚ್ಚು. ಟನ್ನಿಗೆ ಒಂದು ಗ್ರಾಂ ಎಂಬುದನ್ನೇ ಪಿಪಿಎಂ, ಅಂದರೆ ದಶಲಕ್ಷದಲ್ಲಿ ಒಂದು ಭಾಗ ಎಂದೂ ಬರೆಯುತ್ತಾರೆ. ಎರಡೂ ಒಂದೇ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ. ಸಲ್ಫೈಡ್ ಖನಿಜಗಳನ್ನು, ಅಂದರೆ ಲೋಹ ಗಂಧಕದೊಡನೆ ಕೂಡಿದ ಖನಿಜಗಳನ್ನು, ಕಾಯಿಸಿದರೆ ಗಂಧಕದ ಡೈಆಕ್ಸೈಡ್ ಹೊರಬರುತ್ತದೆ. ಆರ್ಸೆನಿಕ್ ಇದ್ದರೆ ಅದರ ವಿಷಕಾರಿ ಆಕ್ಸೈಡ್ ಹೊಗೆಯಾಗಿ ಏಳುತ್ತದೆ. ಗಲೀನಾ (ಸೀಸದ ಸಲ್ಫೈಡ್), ಸ್ಫಾಲರೈಟ್ (ಸತುವಿನದು), ಪಿರೋಟೈಟ್‌ (ಕಬ್ಬಿಣದ್ದು) ಇವುಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ, ಹಾಗಾಗಿ ವಾಸನೆ ನಿಂತಿತೆಂದು ನೆಮ್ಮದಿಪಡುವಂತಿಲ್ಲ. ಕುಲುಮೆ, ಆಮ್ಲ, ಸಯನೈಡ್ ಬೇಡುವ ಹಂತಗಳೆಲ್ಲ ಹೊಗೆಕಪಾಟು, ಪರವಾನಗಿ ಮತ್ತು ತರಬೇತಿ ಇರುವ ಪ್ರಯೋಗಾಲಯದ ಕೆಲಸ. ಅವನ್ನು ಇಲ್ಲಿ ವಿವರಿಸಿರುವುದು ವರದಿಯನ್ನು ಅರ್ಥಮಾಡಿಕೊಳ್ಳಲು ಮತ್ತು ಸರಿಯಾದ ಪ್ರಶ್ನೆ ಕೇಳಲು. ಮನೆಯ ಹಿತ್ತಿಲಲ್ಲಿ ಮಾಡಿ ನೋಡಲು ಖಂಡಿತ ಅಲ್ಲ.

ಹಂತ 1: ಅಡಗುತಾಣಗಳನ್ನು ತಿಳಿದುಕೊಳ್ಳಿ

ಅಮೂಲ್ಯ ಲೋಹ ಸಲ್ಫೈಡಿನಲ್ಲಿ ಮೂರು ರೀತಿಯಲ್ಲಿ ಇರುತ್ತದೆ. ಒಂದು, ಸ್ವತಂತ್ರ ಲೋಹದ ಕಣವಾಗಿ: ಪೈರೈಟಿನ ಬಿರುಕಿನಲ್ಲಿ, ಎರಡು ಖನಿಜಗಳ ಅಂಚಿನಲ್ಲಿ, ಇಲ್ಲವೇ ಹರಳಿನ ಒಳಗೆ ಸಿಕ್ಕಿಬಿದ್ದು. ಎರಡು, ಬೇರೆ ಧಾತುವಿನ ಜೊತೆ ಸೇರಿ ತನ್ನದೇ ಖನಿಜವಾಗಿ. ಚಿನ್ನ ಮತ್ತು ಟೆಲುರಿಯಂ ಸೇರಿದ ಕ್ಯಾಲವೆರೈಟ್ ಇದಕ್ಕೆ ಉದಾಹರಣೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ 1890ರ ದಶಕದಲ್ಲಿ ಟೆಲುರೈಡ್ ಇರುವ ಕಲ್ಲನ್ನು ಗುರುತಿಸಲಾಗದೆ ಬಿಸಾಡಿದ್ದರು, ರಸ್ತೆಯ ಗುಂಡಿಗೂ ತುಂಬಿದ್ದರು. ನಿಜ ತಿಳಿದ ಮೇಲೆ ಅದೇ ರಸ್ತೆಯನ್ನು ಅಗೆದರು. ಚಿನ್ನ ಯಾವಾಗಲೂ ಹಳದಿಯಾಗಿಯೇ ಇರಬೇಕೆಂದು ನಂಬಿದವರಿಗೆ ಬಿದ್ದ ದಂಡ ಅದು.

ಮೂರನೆಯದು ಎಲ್ಲಕ್ಕಿಂತ ಗೂಢವಾದದ್ದು. ಇಲ್ಲಿ ಲೋಹದ ಪರಮಾಣುಗಳು ಆತಿಥೇಯ ಖನಿಜದ ಹರಳುಜಾಲದಲ್ಲೇ, ಅಂದರೆ ಅದರ ಪರಮಾಣುಗಳ ಕ್ರಮಬದ್ಧ ಜೋಡಣೆಯಲ್ಲೇ, ಬಿಡಿಬಿಡಿಯಾಗಿ ಕುಳಿತಿರುತ್ತವೆ, ಇಲ್ಲವೇ ಬೆಳಕಿನ ಸೂಕ್ಷ್ಮದರ್ಶಕಕ್ಕೂ ಎಟುಕದ ನ್ಯಾನೋ ಕಣಗಳಾಗಿರುತ್ತವೆ. ‘ಅದೃಶ್ಯ ಚಿನ್ನ’ ಎಂದು ಕರೆಯುವುದು ಇದನ್ನೇ. ಇದರ ಹೆಸರಾಂತ ನೆಲೆ ಅಮೆರಿಕದ ನೆವಾಡಾದ ಕಾರ್ಲಿನ್. ಅಲ್ಲಿನ ನಿಕ್ಷೇಪ ಪತ್ತೆಯಾದದ್ದು 1961ರಲ್ಲಿ, ಉತ್ಪಾದನೆ ಶುರುವಾದದ್ದು 1965ರಲ್ಲಿ. ನದಿಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನ ಹುಡುಕುವವನು ಆ ಬೆಟ್ಟಗಳಲ್ಲಿ ಜೀವಮಾನವಿಡೀ ತೊಳೆದಿದ್ದರೂ ಬರಿಗೈಯಲ್ಲೇ ಮರಳುತ್ತಿದ್ದ.

ಹರಳಿನೊಳಗೆ ಚಿನ್ನ ನುಸುಳಲು ಬಾಗಿಲು ತೆರೆಯುವುದು ಆರ್ಸೆನಿಕ್. ಪೈರೈಟಿನಲ್ಲಿ ಗಂಧಕದ ಜಾಗವನ್ನು ಆರ್ಸೆನಿಕ್ ಹಿಡಿದಾಗ ಜಾಲ ವಿಕಾರಗೊಳ್ಳುತ್ತದೆ, ಆಗ ಚಿನ್ನಕ್ಕೂ ಎಡೆ ಸಿಗುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಮಿತಿ ಹಾಕಿಕೊಟ್ಟಿತು: ಸುಮಾರು 50 ಆರ್ಸೆನಿಕ್ ಪರಮಾಣುಗಳಿಗೆ ಒಂದು ಚಿನ್ನದ ಪರಮಾಣು. ತೂಕಕ್ಕೆ ಪರಿವರ್ತಿಸಿದರೆ, ಶೇ 1ರಷ್ಟು ಆರ್ಸೆನಿಕ್ ಇರುವ ಪೈರೈಟ್ 500 ಪಿಪಿಎಂಗೆ ತುಸು ಮೇಲಿನವರೆಗೆ ಚಿನ್ನವನ್ನು ಜಾಲದಲ್ಲಿ ಹಿಡಿದಿಡಬಲ್ಲದು. ಅಳತೆ ಈ ಗೆರೆಗಿಂತ ಮೇಲಿದ್ದರೆ ಆ ಹೆಚ್ಚುವರಿ ಚಿನ್ನ ಲೋಹದ ಕಣವಾಗಿಯೇ ಇರಬೇಕು. ಆದರೆ ಗೆರೆಯ ಕೆಳಗಿದ್ದ ಮಾತ್ರಕ್ಕೆ ಎಲ್ಲವೂ ಜಾಲದಲ್ಲಿದೆ ಎಂದೇನೂ ಅಲ್ಲ. ಆರ್ಸೆನಿಕ್ ಇದ್ದಲ್ಲೆಲ್ಲ ಚಿನ್ನವಿರುತ್ತದೆ ಎಂಬುದೂ ತಪ್ಪು, ಅದು ಬಾಗಿಲು ಮಾತ್ರ.

ಬೆಳ್ಳಿಯ ನೆಚ್ಚಿನ ಮನೆ ಗಲೀನಾ. ಸೀಸದ ಎರಡು ಪರಮಾಣುಗಳು ಜಾಗ ಖಾಲಿ ಮಾಡಿದಾಗ ಒಂದರಲ್ಲಿ ಬೆಳ್ಳಿ, ಇನ್ನೊಂದರಲ್ಲಿ ಆಂಟಿಮೊನಿ ಅಥವಾ ಬಿಸ್ಮತ್ ಬಂದು ಕೂರುತ್ತದೆ. ವಿದ್ಯುದಂಶದ ಲೆಕ್ಕ ಸರಿಹೋಗಲು ಈ ಜೋಡಿ ಅನಿವಾರ್ಯ. ಇದರಿಂದ ನಮಗೆ ಒಂದು ಸುಲಭ ಪರೀಕ್ಷೆ ದಕ್ಕುತ್ತದೆ. 1000 ಪಿಪಿಎಂ ಬೆಳ್ಳಿಗೆ ಜೊತೆಯಾಗಲು ಸುಮಾರು 1130 ಪಿಪಿಎಂ ಆಂಟಿಮೊನಿ ಬೇಕು, ಬಿಸ್ಮತ್ ಆದರೆ ಸುಮಾರು 1940. ಗಲೀನಾದಲ್ಲಿ ಬೆಳ್ಳಿ ಇದ್ದು ಈ ಸಂಗಾತಿಗಳು ಸಾಲದೆ ಬಂದರೆ, ಬೆಳ್ಳಿಯ ಒಂದು ಪಾಲು ಪ್ರತ್ಯೇಕ ಖನಿಜದ ಕಣಗಳಲ್ಲಿದೆ ಎಂದು ಅನುಮಾನಿಸಬಹುದು. ತಾಮ್ರದ ಅದಿರಿನಲ್ಲಿ ಬೆಳ್ಳಿ ಹುಡುಕುವಾಗ ತಾಮ್ರ, ಆಂಟಿಮೊನಿ, ಗಂಧಕಗಳಿರುವ ಟೆಟ್ರಹೆಡ್ರೈಟ್ ಗುಂಪನ್ನು ಮರೆಯಬೇಡಿ, ಅದರ ಬೆಳ್ಳಿಭರಿತ ಬಂಧುವೇ ಫ್ರೈಬರ್ಗೈಟ್.

ಪಲ್ಲಾಡಿಯಂ ಮತ್ತು ಪ್ಲಾಟಿನಂ ಅಕ್ಕಪಕ್ಕ ಕಾಣಿಸಿಕೊಂಡರೂ ಅವುಗಳ ವರ್ತನೆ ಬೇರೆಬೇರೆ. ಪಲ್ಲಾಡಿಯಂ ನಿಕ್ಕಲ್‌ನ ಖನಿಜವಾದ ಪೆಂಟ್ಲಾಂಡೈಟಿನ ಜಾಲಕ್ಕೆ ಸಲೀಸಾಗಿ ಸೇರಿಕೊಳ್ಳುತ್ತದೆ. ಪ್ಲಾಟಿನಂ ಹೆಚ್ಚಾಗಿ ತನ್ನದೇ ಮನೆ ಕಟ್ಟಿಕೊಳ್ಳುತ್ತದೆ: ಕೆನಡಾದ ಸಡ್ಬರಿಯ ಮಾದರಿಯಿಂದ 1889ರಲ್ಲಿ ಬೆಳಕಿಗೆ ಬಂದ, ಆರ್ಸೆನಿಕ್‌ನೊಡನೆ ಕೂಡಿದ ಸ್ಪೆರಿಲೈಟ್, ಗಂಧಕದೊಡನೆ ಕೂಡಿದ ಕೂಪರೈಟ್ ಇತ್ಯಾದಿ. ದಕ್ಷಿಣ ಆಫ್ರಿಕಾದಲ್ಲಿ 1924ರಲ್ಲಿ ಪತ್ತೆಯಾದ ಮೆರೆನ್ಸ್ಕಿ ಎಂಬ ಪ್ಲಾಟಿನಂ ಪದರದ ಅದಿರನ್ನು ಪರೀಕ್ಷಿಸುವಾಗ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಹಂತ 2: ಕಣ್ಣು, ಸೂಜಿ, ಅಯಸ್ಕಾಂತ

ಆತಿಥೇಯ ಯಾರೆಂದು ಗೊತ್ತಿಲ್ಲದೆ ಅತಿಥಿಯನ್ನು ಹುಡುಕುವುದು ವ್ಯರ್ಥ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಹಳದಿಗೂ ಸಲ್ಲುತ್ತದೆ. ಸೂಜಿಯಿಂದ ಒತ್ತಿ ನೋಡಿ. ಚಿನ್ನ ತಗ್ಗುತ್ತದೆ, ಪುಡಿಯಾಗುವುದಿಲ್ಲ. ತಾಮ್ರದ ಹಳದಿ ಸಲ್ಫೈಡ್ ಆದ ಚಾಲ್ಕೋಪೈರೈಟ್ ಗೀರು ಬಿಟ್ಟು ಪುಡಿಯಾಗುತ್ತದೆ. ಪೈರೈಟ್ ಉಕ್ಕಿನ ಸೂಜಿಗೆ ಸುಲಭವಾಗಿ ಜಗ್ಗದು, ವಜ್ರಕ್ಕೆ 10 ಕೊಡುವ ಮೋಸ್ ಮಾಪಕದಲ್ಲಿ ಅದರ ಕಾಠಿಣ್ಯ 6ರಿಂದ 6.5. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಚಿನ್ನದ ಗೆರೆ ಹಳದಿಯಾಗಿಯೇ ಉಳಿಯುತ್ತದೆ, ಪೈರೈಟಿನದು ಹಸಿರುಮಿಶ್ರಿತ ಕಪ್ಪು. ಆರ್ಸೆನೋಪೈರೈಟ್ ಬೆಳ್ಳಿಬಿಳುಪಿನದು, ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿಯಂಥ ವಾಸನೆ ಸೂಸುತ್ತದೆ. ಅಯಸ್ಕಾಂತಕ್ಕೆ ಅಂಟುವ ಕಂಚುಬಣ್ಣದ ಸಲ್ಫೈಡ್ ಸಿಕ್ಕರೆ ಅದು ಪಿರೋಟೈಟ್ ಆಗಿರುವ ಸಂಭವ ಹೆಚ್ಚು, ಪಕ್ಕದಲ್ಲೇ ಪೆಂಟ್ಲಾಂಡೈಟ್ ಇದೆಯೇ ನೋಡಿ.

ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಉಪಕರಣದ ಬಗ್ಗೆ ಒಂದು ಮಾತು. ಆರ್ಸೆನಿಕ್, ತಾಮ್ರ, ಸತು, ಸೀಸಗಳನ್ನು ತಿಳಿಯಲು ಅದು ಒಳ್ಳೆಯ ಸಾಧನ. ಚಿನ್ನದ ವಿಷಯದಲ್ಲಿ ಮಾತ್ರ ಅದರ ಮಾತನ್ನು ನಂಬಬೇಡಿ. ಚಿನ್ನ ಹೊಮ್ಮಿಸುವ ಎಕ್ಸ್-ಕಿರಣದ ಮುಖ್ಯ ರೇಖೆ 9.71 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿದ್ದರೆ ಸತುವಿನ ಒಂದು ರೇಖೆ 9.57ರಲ್ಲಿ, ಟಂಗ್‌ಸ್ಟನ್‌ನದು 9.67ರಲ್ಲಿ ಇದೆ. ಸ್ಫಾಲರೈಟ್ ತುಂಬಿದ ಕಲ್ಲಿಗೆ ಹಿಡಿದರೆ ಪರದೆಯಲ್ಲಿ ಚಿನ್ನ ಸುರಿದಂತೆ ಕಾಣುವುದು ಇದೇ ಕಾರಣಕ್ಕೆ. ಸೀಸ ಮತ್ತು ಆರ್ಸೆನಿಕ್ ರೇಖೆಗಳೂ 10.5ರ ಆಸುಪಾಸಿನಲ್ಲಿ ಒಂದರ ಮೇಲೊಂದು ಕೂತಿವೆ, ಹಾಗಾಗಿ ಗಲೀನಾ ಇರುವಲ್ಲಿ ಆರ್ಸೆನಿಕ್ ಅಂಕಿಯನ್ನೂ ಅನುಮಾನದಿಂದಲೇ ನೋಡಬೇಕು.

ಹಂತ 3: ಮಾದರಿ ತೆಗೆಯುವುದು

ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿ, ಯಂತ್ರಗಳ ಬಳಿಯಲ್ಲಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 100 ಮೈಕ್ರಾನ್ ವ್ಯಾಸದ, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಚಿನ್ನದ ಗುಂಡುಕಣ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಆ ಕಣದ ತೂಕ ಸುಮಾರು 10 ಮೈಕ್ರೋಗ್ರಾಂ ಆಗುತ್ತದೆ. ಪರೀಕ್ಷೆಗೆ ತೂಗುವ 30 ಗ್ರಾಂ ಪುಡಿಯಲ್ಲಿ ಇಂಥದ್ದೊಂದು ಕಣ ಸೇರಿದರೆ ಫಲಿತಾಂಶ 0.34 ಪಿಪಿಎಂ ಏರುತ್ತದೆ. ವ್ಯಾಸ 200 ಮೈಕ್ರಾನ್ ಆದರೆ ತೂಕ ಎಂಟು ಪಟ್ಟು, ಏರಿಕೆ 2.7 ಪಿಪಿಎಂ. ನಮ್ಮ ಎರಡು ಗ್ರಾಂನ ಕಲ್ಲಿನ ಇಡೀ ಕಥೆ ಒಂದೇ ಒಂದು ಕಣದಿಂದ ಹುಟ್ಟಿದ್ದಿರಬಹುದು! ಅದೇ 10 ಮೈಕ್ರಾನ್ ಕಣವಾದರೆ ಏರಿಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಆದ್ದರಿಂದ ಮುಷ್ಟಿಗಾತ್ರದ ಅಂದವಾದ ಒಂದೇ ತುಂಡನ್ನು ಆರಿಸಬೇಡಿ. ಹಲವು ಕಿಲೋ ತೆಗೆದು, ದವಡೆ ಯಂತ್ರದಲ್ಲಿ ಜಲ್ಲಿ ಮಾಡಿ, ಸೀಳುಪೆಟ್ಟಿಗೆಯಲ್ಲಿ ಸಮಪಾಲು ಮಾಡುತ್ತ ಬನ್ನಿ. ಚಮಚದಿಂದ ಮೇಲಿನ ಪುಡಿ ತೆಗೆಯುವುದು ಪಾಲು ಮಾಡಿದಂತಲ್ಲ, ಭಾರದ ಕಣಗಳು ಅಷ್ಟರಲ್ಲಿ ತಳ ಸೇರಿರುತ್ತವೆ. ಕೊನೆಗೆ ಒಂದು ಪಾಲನ್ನು ಶೇ 85ರಷ್ಟಾದರೂ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಂತೆ ಅರೆಯಿರಿ. ಚಿನ್ನ ಮಿದು ಲೋಹ. ಅರೆದಾಗ ಪುಡಿಯಾಗದೆ ತಗಡಾಗಿ ಜರಡಿಯ ಮೇಲೆ ಉಳಿಯುತ್ತದೆ, ಅರೆಯುವ ಬಟ್ಟಲಿಗೂ ಬಳಿದುಕೊಳ್ಳುತ್ತದೆ. ಅದಕ್ಕಾಗಿ ಪ್ರತಿ ಮಾದರಿಯ ನಂತರ ಶುದ್ಧ ಬೆಣಚುಕಲ್ಲನ್ನು ಅರೆದು ಬಟ್ಟಲನ್ನು ತೊಳೆಯಬೇಕು.

ಒಂದೇ ಪುಡಿಯ ಎರಡು ಪಾಲುಗಳನ್ನು ಬೇರೆ ಬೇರೆ ಸಂಖ್ಯೆ ಕೊಟ್ಟು ಕಳುಹಿಸಿ. 2.0 ಮತ್ತು 2.1 ಬಂದರೆ ಚಿನ್ನ ನುಣ್ಣಗೆ ಹರಡಿದೆ ಎಂಬುದಕ್ಕೆ ಮೊದಲ ಸುಳಿವು. 0.7 ಮತ್ತು 4.9 ಬಂದರೆ ಪ್ರಯೋಗಾಲಯವನ್ನು ಬೈಯುವ ಮೊದಲು ದಪ್ಪಕಣದ ಚಿನ್ನವಿರಬಹುದೆಂದು ಯೋಚಿಸಿ. ಆಗ ಒಂದು ಕಿಲೋದಷ್ಟು ಪುಡಿಯನ್ನು ಜರಡಿ ಹಿಡಿದು, ಮೇಲುಳಿದದ್ದೆಲ್ಲವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಕೆಳಗಿಳಿದದ್ದರ ಫಲಿತಾಂಶದೊಡನೆ ತೂಕಕ್ಕೆ ತಕ್ಕಂತೆ ಕೂಡಿಸುವುದೇ ದಾರಿ. ಜೊತೆಗೆ ಪ್ರತಿ ಇಪ್ಪತ್ತರಲ್ಲಿ ಒಂದಾದರೂ ಚಿನ್ನವಿಲ್ಲದ ಖಾಲಿ ಮಾದರಿ, ಒಂದಾದರೂ ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣೀಕೃತ ಮಾದರಿ ಇರಲಿ.

ಹಂತ 4: ಮೂಸೆಯ ಪರೀಕ್ಷೆ

ಪುಟಕ್ಕಿಟ್ಟ ಚಿನ್ನ ಎಂಬ ಮಾತು ನಮಗೆ ಹೊಸದಲ್ಲ. ಇಷ್ಟೆಲ್ಲ ಯಂತ್ರಗಳು ಬಂದ ಮೇಲೂ ಒಟ್ಟು ಚಿನ್ನವನ್ನು ಅಳೆಯುವ ವಿಧಾನಗಳಲ್ಲಿ ಹಿರಿಯ ಸ್ಥಾನ ಬೆಂಕಿಯದೇ. ಪುಡಿಯನ್ನು ಸೀಸದ ಆಕ್ಸೈಡ್, ಸೋಡಿಯಂ ಕಾರ್ಬೊನೇಟ್, ಬಿಳಿಗಾರ, ಸಿಲಿಕಾ ಜೊತೆ ಮಣ್ಣಿನ ಮೂಸೆಯಲ್ಲಿ ಬೆರೆಸಿ 1000ದಿಂದ 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುತ್ತಾರೆ. ಕಲ್ಲಿನ ಅಂಶ ಕಿಟ್ಟವಾಗಿ ಮೇಲೆ ತೇಲುತ್ತದೆ. ಸೀಸ ಹನಿಹನಿಯಾಗಿ ಬೇರ್ಪಟ್ಟು, ಇಳಿಯುವಾಗ ಚಿನ್ನ ಬೆಳ್ಳಿಗಳನ್ನು ಬಾಚಿಕೊಂಡು ತಳ ಸೇರುತ್ತದೆ. ಗುರಿ 25ರಿಂದ 40 ಗ್ರಾಂ ತೂಕದ ಸೀಸದ ಗುಂಡಿ.

ಬೆಣಚುಕಲ್ಲಿನ ಅದಿರಿಗೆ ಸೀಸ ಬಿಡಿಸಲು ಚಿಟಿಕೆ ಗೋಧಿಹಿಟ್ಟು ಹಾಕುತ್ತಾರೆ. ಸಲ್ಫೈಡ್ ಅದಿರಿನಲ್ಲಿ ಕಥೆ ತಿರುಗಿಬೀಳುತ್ತದೆ, ಏಕೆಂದರೆ ಗಂಧಕವೇ ಆ ಕೆಲಸವನ್ನು ಅತಿಯಾಗಿ ಮಾಡುತ್ತದೆ. ಒಂದು ಗ್ರಾಂ ಪೈರೈಟ್ ಸುಮಾರು 11 ಗ್ರಾಂ ಸೀಸವನ್ನು ಬಿಡಿಸಬಲ್ಲದು, ಗಲೀನಾ ಸುಮಾರು 3.4. 30 ಗ್ರಾಂ ಮಾದರಿಯಲ್ಲಿ ಶೇ 20 ಪೈರೈಟ್ ಇದ್ದರೆ 6 ಗ್ರಾಂ ಪೈರೈಟ್, ಅಂದರೆ 66 ಗ್ರಾಂ ಸೀಸ. ಬೇಕಿರುವುದು 30, ಹೆಚ್ಚಾದದ್ದು 36. ಇದನ್ನು ಕಡಿತಗೊಳಿಸಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಬೇಕು. ಒಂದು ಗ್ರಾಂ ಪೆಟ್ಲುಪ್ಪು ಸುಮಾರು 4.2 ಗ್ರಾಂ ಸೀಸವನ್ನು ತಡೆಯುತ್ತದೆ, ಹಾಗಾಗಿ ಸುಮಾರು 8.6 ಗ್ರಾಂ. ಪೈರೈಟ್ ಇನ್ನೂ ಹೆಚ್ಚಿದ್ದರೆ ಪೆಟ್ಲುಪ್ಪು ಸುರಿಯುತ್ತ ಹೋಗಬಾರದು, ಮೂಸೆ ಉಕ್ಕಿ ಹರಿಯುತ್ತದೆ. ಮಾದರಿಯನ್ನೇ 15 ಅಥವಾ 10 ಗ್ರಾಂಗೆ ಇಳಿಸುವುದು ಜಾಣತನ.

ಲೆಕ್ಕ ತಪ್ಪಿದ್ದರ ಗುರುತು ತಣ್ಣಗಾದ ಮೇಲೆ ಕಾಣುತ್ತದೆ. ಕಿಟ್ಟಕ್ಕೂ ಸೀಸಕ್ಕೂ ನಡುವೆ ಬೂದುಬಣ್ಣದ, ಪೆಡಸಾದ, ಗಂಧಕ ತುಂಬಿದ ಪದರವೊಂದು ಕೂತಿರುತ್ತದೆ. ಅದು ಚಿನ್ನವನ್ನು ಕದ್ದಿಟ್ಟುಕೊಳ್ಳುತ್ತದೆ. ಪದರ ಎಷ್ಟೇ ತೆಳುವಿದ್ದರೂ ಆ ಪರೀಕ್ಷೆಯನ್ನು ಬಿಟ್ಟು ಹೊಸದಾಗಿ ಮಾಡಬೇಕು. ತಾಮ್ರ ಹೆಚ್ಚಿದ್ದರೆ ಅದೂ ಸೀಸಕ್ಕೆ ಸೇರಿ ಮುಂದಿನ ಹಂತವನ್ನು ಕೆಡಿಸುತ್ತದೆ. ಅದಕ್ಕೂ ಮದ್ದು ಅದೇ: ಕಡಿಮೆ ಮಾದರಿ, ಹೆಚ್ಚು ಸೀಸದ ಆಕ್ಸೈಡ್.

ಮುಂದೆ ಸೀಸದ ಗುಂಡಿಯನ್ನು ಮೂಳೆಬೂದಿ ಅಥವಾ ಮೆಗ್ನೀಷಿಯಾದಿಂದ ಮಾಡಿದ, ಕ್ಯೂಪೆಲ್ ಎಂಬ ರಂಧ್ರಮಯ ಬಟ್ಟಲಿನಲ್ಲಿಟ್ಟು ಗಾಳಿಯಾಡುವ ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸ ಆಕ್ಸೈಡ್ ಆಗಿ ಬಟ್ಟಲಿಗೆ ಇಂಗುತ್ತದೆ, ಸ್ವಲ್ಪ ಹೊಗೆಯಾಗುತ್ತದೆ. ಕೊನೆಗೆ ಫಳಕ್ಕನೆ ಮಿನುಗಿ ಉಳಿಯುವುದು ಸಾಸಿವೆಗಿಂತ ಚಿಕ್ಕದಾದ ಮಣಿ. ಕಾವು ಹೆಚ್ಚಿದಷ್ಟೂ ಬೆಳ್ಳಿಯ ನಷ್ಟ ಹೆಚ್ಚು. ಬಟ್ಟಲಿನ ಅಂಚಿನಲ್ಲಿ ಗರಿಯಂಥ ಹಳದಿ ಹರಳುಗಳು ಕಟ್ಟಿದ್ದರೆ ಕಾವು ಹದವಾಗಿತ್ತೆಂದು ಅರ್ಥ. ಮಣಿಯನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿಟ್ಟರೆ ಬೆಳ್ಳಿ ಕರಗಿ ಚಿನ್ನ ಉಳಿಯುತ್ತದೆ. ಇದಕ್ಕೆ ಮಣಿಯಲ್ಲಿ ಚಿನ್ನದ ಮೂರು ಪಟ್ಟಿನಷ್ಟಾದರೂ ಬೆಳ್ಳಿ ಇರಬೇಕು, ಸಾಲದಿದ್ದರೆ ಮೊದಲೇ ಸೇರಿಸುತ್ತಾರೆ. ಅಂದಮೇಲೆ ಬೆಳ್ಳಿಯನ್ನೂ ಅಳೆಯಬೇಕಿದ್ದರೆ ಅದನ್ನು ಪ್ರಯೋಗಾಲಯಕ್ಕೆ ಮುಂಚಿತವಾಗಿ ತಿಳಿಸಿ.

ಪ್ಲಾಟಿನಂ ಗುಂಪಿನ ಆರೂ ಲೋಹಗಳು ಬೇಕಿದ್ದರೆ ಸೀಸವನ್ನು ನೆಚ್ಚಿಕೊಳ್ಳಬೇಡಿ. ಸೀಸ ಪ್ಲಾಟಿನಂ, ಪಲ್ಲಾಡಿಯಂಗಳಿಗೆ ಸಾಕು. ಇರಿಡಿಯಂ, ಆಸ್ಮಿಯಂ, ರುಥೇನಿಯಂಗಳಿಗೆ ನಿಕ್ಕಲ್ ಸಲ್ಫೈಡ್ ಗುಂಡಿಯ ವಿಧಾನ ಕೇಳಿ.

ಹಂತ 5: ನುಣುಪು ಮಾಡಿದ ಕಲ್ಲಿನ ಮೇಲೆ ಬೆಳಕು

‘ಎಷ್ಟು’ ಮುಗಿಯಿತು. ‘ಎಲ್ಲಿ’ ಎಂಬುದಕ್ಕೆ ಕಲ್ಲಿನ ತುಂಡನ್ನು ರಾಳದಲ್ಲಿ ಕೂರಿಸಿ, ಉಜ್ಜಿ, ಕೊನೆಗೆ 1 ಮೈಕ್ರಾನ್ ವಜ್ರದ ಲೇಪದಿಂದ ಕನ್ನಡಿಯಂತೆ ಮಾಡಬೇಕು. ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಚಿನ್ನ ಬೆಳಗುವ ಹಳದಿ, ಪೈರೈಟ್ ಕೆನೆಬಿಳಿ, ಗಲೀನಾ ತ್ರಿಕೋನ ಗುಳಿಗಳ ಬಿಳಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಭಾರದ ಪರಮಾಣುಗಳು ಹೆಚ್ಚು ಹೊಳೆಯುವುದರಿಂದ ಅರ್ಧ ಮೈಕ್ರಾನಿನ ಚಿನ್ನವೂ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಆದರೆ ಗಲೀನಾ, ಬಿಸ್ಮತ್ ಖನಿಜಗಳೂ ಹಾಗೆಯೇ ಹೊಳೆಯುತ್ತವೆ, ಪ್ರತಿ ಚುಕ್ಕೆಯ ರೋಹಿತ ನೋಡದೆ ಸಂಭ್ರಮಿಸಬೇಡಿ.

ಪೈರೈಟಿನ ಒಳಗಿರುವ ಪಟ್ಟೆಗಳನ್ನು ಚಿತ್ರ ಬರೆದುಕೊಳ್ಳಿ. ತಿರುಳು ಒಂದು ಕಾಲದ್ದು, ಆರ್ಸೆನಿಕ್ ಸೇರಿದ ಅಂಚು ಇನ್ನೊಂದು ಕಾಲದ್ದು ಆಗಿರುವುದು ತೀರಾ ಸಾಮಾನ್ಯ. ಈ ಚಿತ್ರವಿಲ್ಲದೆ ಮುಂದಿನ ಹಂತಕ್ಕೆ ಹೋದರೆ ಅದು ಕತ್ತಲಲ್ಲಿ ಕಲ್ಲು ಬೀಸಿದಂತೆ.

ಹಂತ 6: ಲೇಸರ್ ಚುಕ್ಕೆಗಳು

ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಒಂದೆರಡು ಮೈಕ್ರಾನ್ ಜಾಗವನ್ನು ಅಳೆಯುತ್ತದೆ, ಆದರೆ ಚಿನ್ನ ಸಾಮಾನ್ಯವಾಗಿ ನೂರಾರು ಪಿಪಿಎಂ ಇದ್ದರೇ ಅದಕ್ಕೆ ಖಚಿತವಾಗಿ ಕಾಣುವುದು. ಅದಕ್ಕಿಂತ ಕೆಳಗೆ ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್ ಬೇಕು. 20ರಿಂದ 50 ಮೈಕ್ರಾನ್ ಗುಳಿ ತೋಡುತ್ತ, ಎದ್ದ ಆವಿಯ ಪರಮಾಣುಗಳನ್ನು ದ್ರವ್ಯರಾಶಿಗೆ ತಕ್ಕಂತೆ ಎಣಿಸುವ ಈ ವಿಧಾನ ಪಿಪಿಎಂನ ನೂರನೆಯ ಒಂದು ಭಾಗದ ಆಸುಪಾಸಿಗೂ ಇಳಿಯಬಲ್ಲದು.

ಇಲ್ಲಿ ಸರಾಸರಿ ಅಂಕಿಗಿಂತ ಸಂಕೇತದ ಆಕಾರ ಹೆಚ್ಚು ಮಾತಾಡುತ್ತದೆ. ಗುಳಿ ಆಳವಾಗುತ್ತ ಹೋದಂತೆ ಚಿನ್ನದ ರೇಖೆ ಕಬ್ಬಿಣದ ರೇಖೆಯ ಜೊತೆಗೇ ಸಮನಾಗಿ ಸಾಗಿದರೆ ಚಿನ್ನ ಜಾಲದಲ್ಲಿದೆ, ಇಲ್ಲವೇ ಸಮವಾಗಿ ಹರಡಿದ ನ್ಯಾನೋ ಕಣಗಳಲ್ಲಿದೆ. ಥಟ್ಟನೆ ಮೊನೆಯೆದ್ದು ಬಿದ್ದರೆ ಅಲ್ಲೊಂದು ಕಣ ಸಿಕ್ಕಿತು. ಆ ಮೊನೆಯ ಜೊತೆ ಬೆಳ್ಳಿಯೂ ಎದ್ದರೆ ಚಿನ್ನ-ಬೆಳ್ಳಿಯ ಮಿಶ್ರಲೋಹ, ಟೆಲುರಿಯಂ ಎದ್ದರೆ ಟೆಲುರೈಡ್.

ಹುಸಿ ಸಂಕೇತಗಳೂ ಉಂಟು. ಉಪಕರಣದ ಆರ್ಗಾನ್ ಅನಿಲ ತಾಮ್ರದೊಡನೆ ಕೂಡಿ ದ್ರವ್ಯರಾಶಿ 103ರಲ್ಲಿ ರೋಡಿಯಂ ಇದ್ದಂತೆಯೂ 105ರಲ್ಲಿ ಪಲ್ಲಾಡಿಯಂ ಇದ್ದಂತೆಯೂ ನಟಿಸುತ್ತದೆ. ಚಾಲ್ಕೋಪೈರೈಟಿನಲ್ಲಿ ರೋಡಿಯಂ ಸಿಕ್ಕಿತೆಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ತಾಮ್ರದ ವೇಷವಲ್ಲವೇ ಎಂಬುದು. ಸ್ಫಾಲರೈಟಿನ ಸತು ಇದೇ ರೀತಿ 107ರಲ್ಲಿ ಬೆಳ್ಳಿಯ ವೇಷ ಹಾಕುತ್ತದೆ. ಅಲ್ಲಿ 109ರ ಅಂಕಿಯನ್ನೂ ತಾಳೆ ನೋಡಿ.

ಹಂತ 7: ಪದರ ಪದರವಾಗಿ ಕರಗಿಸುವುದು

ನುಣ್ಣಗೆ ಅರೆದ ಅದಿರಿನ ಮೇಲೆ ಮೊದಲು ಸಯನೈಡ್ ದ್ರಾವಣ ಹರಿಸಿದರೆ ಬಯಲಿಗೆ ಬಿದ್ದ ಚಿನ್ನ ಮಾತ್ರ ಕರಗುತ್ತದೆ. ಉಳಿದದ್ದನ್ನು ಚೆನ್ನಾಗಿ ತೊಳೆದು, ನೈಟ್ರಿಕ್ ಆಮ್ಲದಿಂದ ಸಲ್ಫೈಡನ್ನು ಒಡೆದು, ಆಮ್ಲದ ಅಂಶ ಪೂರ್ತಿ ಹೋದ ಮೇಲೆ ಮತ್ತೆ ಸಯನೈಡ್ ಹರಿಸಿದರೆ ಸಲ್ಫೈಡಿನೊಳಗೆ ಬಂಧಿಯಾಗಿದ್ದದ್ದು ಹೊರಬರುತ್ತದೆ. ಕೊನೆಯ ಶೇಷವನ್ನು ಮೂಸೆಗೆ ಹಾಕಿ ಸಿಲಿಕಾದೊಳಗಿನದನ್ನು ಅಳೆಯುತ್ತಾರೆ. ಆಮ್ಲ ಮತ್ತು ಸಯನೈಡ್ ಸಂಧಿಸಿದರೆ ಹುಟ್ಟುವ ಅನಿಲ ಪ್ರಾಣಾಂತಕ, ಆದ್ದರಿಂದಲೇ ನಡುವೆ ಅಷ್ಟೊಂದು ತೊಳೆಯುವಿಕೆ. ಅದಿರಿನಲ್ಲಿ ಇಂಗಾಲದ ಅಂಶವಿದ್ದರೆ ಅದು ಕರಗಿದ ಚಿನ್ನವನ್ನು ಮತ್ತೆ ಹೀರಿಕೊಳ್ಳುತ್ತದೆ. ಆಗ ಮೊದಲ ಹಂತದ ಅಂಕಿ ಕಡಿಮೆ ಬಂದು, ಬಯಲಲ್ಲಿದ್ದ ಚಿನ್ನವೂ ಬಂಧಿಯೆಂದು ತಪ್ಪು ತಿಳಿಯುವಂತಾಗುತ್ತದೆ.

ಹಂತ 8: ಲೆಕ್ಕ ಕೂಡಿಸುವುದು

ಈಗ ನಮ್ಮ ಎರಡು ಗ್ರಾಂಗೆ ಮರಳೋಣ. ಅದಿರಿನಲ್ಲಿ ಶೇ 4 ಪೈರೈಟ್, ಅದರಲ್ಲಿ ಸರಾಸರಿ 15 ಪಿಪಿಎಂ ಚಿನ್ನ ಎಂದಿಟ್ಟುಕೊಳ್ಳಿ: ಟನ್ನಿಗೆ 0.6 ಗ್ರಾಂ. ಶೇ 0.5 ಆರ್ಸೆನೋಪೈರೈಟ್, ಸರಾಸರಿ 180 ಪಿಪಿಎಂ: 0.9 ಗ್ರಾಂ. ಎಂಟರಲ್ಲಿ ಒಂದು ಪಾಲಷ್ಟೇ ಇರುವ ಖನಿಜ ಹೆಚ್ಚು ಚಿನ್ನ ಹೊತ್ತಿದೆ. ಎರಡೂ ಸೇರಿ 1.5. ಮೊದಲ ಸಯನೈಡಿಗೆ ಕರಗಿದ್ದು ಶೇ 22 ಆದರೆ 0.44 ಗ್ರಾಂ ಸ್ವತಂತ್ರ ಕಣಗಳದ್ದು. ಒಟ್ಟು 1.94. ಕಾಣೆಯಾದ 0.06 ಮೂಸೆಯ ಪರೀಕ್ಷೆಯ ಏರುಪೇರಿನೊಳಗೇ ಬರುತ್ತದೆ, ಅದರ ಬೆನ್ನು ಹತ್ತುವ ಅಗತ್ಯವಿಲ್ಲ.

ಇಲ್ಲಿ ಎರಡು ಎಡವಟ್ಟುಗಳಿಗೆ ಅವಕಾಶವಿದೆ. ಲೇಸರ್ ಅಂಕಿಗಳಲ್ಲಿ ಕೆಲವು ತೀರಾ ದೊಡ್ಡದಾಗಿ, ಬಹುಪಾಲು ಚಿಕ್ಕದಾಗಿ ಇರುತ್ತವೆ. ಇವನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನ ಅಂಕಿಯನ್ನು (ಮೀಡಿಯನ್) ತೆಗೆದುಕೊಂಡರೆ ಚಿನ್ನ ಕಳೆದುಹೋಗುತ್ತದೆ, ಲೆಕ್ಕಕ್ಕೆ ಬೇಕಾದದ್ದು ಅಂಕಗಣಿತದ ಸರಾಸರಿ. ಇನ್ನೊಂದು, ಆರ್ಸೆನಿಕ್ ತುಂಬಿದ ಅಂಚುಗಳಲ್ಲೇ ಚುಕ್ಕೆ ಇಟ್ಟು ಅದನ್ನು ಇಡೀ ಪೈರೈಟಿಗೆ ಅನ್ವಯಿಸುವುದು. ಐದನೇ ಹಂತದ ಚಿತ್ರದಿಂದ ಅಂಚು ಮತ್ತು ತಿರುಳಿನ ವಿಸ್ತೀರ್ಣ ಅಳೆದು, ಆ ಪ್ರಮಾಣದಲ್ಲೇ ಸರಾಸರಿ ಕೂಡಿಸಿ. ಮೊತ್ತ ಮೂಸೆಯ ಅಂಕಿಗಿಂತ ಬಹಳ ಮೇಲೆ ಹೋಗಿದ್ದರೆ ಸಾಮಾನ್ಯವಾಗಿ ತಪ್ಪಿರುವುದು ಇಲ್ಲೇ.

ನಮ್ಮ ಕಲ್ಲಿನಲ್ಲಿ ಮುಕ್ಕಾಲು ಪಾಲು ಚಿನ್ನ ಸಲ್ಫೈಡಿನೊಳಗೆ ಅದೃಶ್ಯವಾಗಿದೆ. ಎಷ್ಟು ನುಣ್ಣಗೆ ಅರೆದರೂ ಅದು ಸಯನೈಡಿಗೆ ಸಿಗದು. ಮೊದಲು ಸಲ್ಫೈಡನ್ನೇ ಒಡೆಯಬೇಕು: ಹುರಿದು, ಆಮ್ಲಜನಕದ ಒತ್ತಡದಲ್ಲಿ ಬೇಯಿಸಿ, ಅಥವಾ ಕಬ್ಬಿಣ ಗಂಧಕಗಳನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾಗಳಿಗೆ ಬಿಟ್ಟು. ಚಿನ್ನದ ದೊಡ್ಡ ಪಾಲು ಆರ್ಸೆನೋಪೈರೈಟಿನಲ್ಲಿರುವುದರಿಂದ ಹುರಿದರೆ ಅದರ ಆರ್ಸೆನಿಕ್‌ನ ಬಹುಪಾಲು ಹೊಗೆಗೂಡಿಗೆ ಬರುತ್ತದೆ. ಆದ್ದರಿಂದ ಈ ಕಲ್ಲಿಗೆ ಒತ್ತಡದ ದಾರಿಯನ್ನೋ ಬ್ಯಾಕ್ಟೀರಿಯಾದ ದಾರಿಯನ್ನೋ ಮೊದಲು ಪರೀಕ್ಷಿಸಿ ನೋಡಿ ಎಂದು ನಾನು ಹೇಳುವೆ.